ಕೆಮ್ಮದ ಜನರೇಟರು

“ಎಳಿ” ಎಂದಳು ಸುಜಾತಾ.

ಮೌನೇಶ ಎಳೆಯಲಿಲ್ಲ. ತೊರೆಗಲ್ಲು ಠಾಣೆಯ ಅಂಗಳದ ಹಾಸುಗಲ್ಲಿನ ಮೇಲೆ ಕೆಂಪು ಜನರೇಟರು ಕೂತಿತ್ತು. ಹಗ್ಗದ ಹಿಡಿ ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು. ಅವನು ಅದನ್ನು ಸಾವಾದ ಮನೆಯ ಬಾಗಿಲನ್ನು ನೋಡುವಂತೆ ನೋಡುತ್ತ ನಿಂತಿದ್ದ.

“ಬೇಡಿ ಬಿಚ್ಚು ಹುಲುಗಪ್ಪ.”

“ಸಾಹೇಬ್ರು ಬಿಚ್ಚಬ್ಯಾಡ ಅಂದಾರ್ರಿ ಮೇಡಂ.”

“ಹಗ್ಗ ಎಳಿಯಾಕ ಕೈ ಆಡಬೇಕು. ಇಲ್ಲಂದ್ರ ನೀನ ಎಳಿ.”

ಹೆಡ್ ಕಾನ್‌ಸ್ಟೆಬಲ್ ಹುಲುಗಪ್ಪನಿಗೆ ಪಿಂಚಣಿ ಹತ್ತಿರ ಬಂದಿತ್ತು. ಯಾವ ಯಂತ್ರವನ್ನೂ ಮುಟ್ಟದೆ, ಯಾವ ಸಾಹೇಬನನ್ನೂ ಎದುರು ಹಾಕಿಕೊಳ್ಳದೆ ನೌಕರಿ ಮುಗಿಸುವ ಹಟ ಅವನದು. ಗೊಣಗುತ್ತಲೇ ಕೀಲಿ ತಿರುಗಿಸಿದ.

ಮೌನೇಶ ಮಣಿಕಟ್ಟು ತಿಕ್ಕಿಕೊಂಡ. “ಇದು ನಮ್ಮ ಮಾವನ್ನ ಕೊಂದದ್ರಿ. ಮತ್ತ ಹಚ್ಚು ಅಂತೀರಲ್ಲ.”

“ಒಂದ ಸಲ ಹಚ್ಚು. ಹೊಗಿ ಎತ್ತಾಗ ಬರತೈತಿ ನೋಡಬೇಕು ನಾನು.”

ಅವನು ಬಗ್ಗಿದ. ಪೆಟ್ರೋಲಿನ ತಿರುಪು ಬಿಟ್ಟ, ಚೋಕ್ ಎಳೆದ, ಚೌಕಟ್ಟಿನ ಮೇಲೆ ಒಂದು ಕಾಲಿಟ್ಟ. ದಿನಾ ಮಾಡಿದ ಕೆಲಸ. ಮನಸ್ಸು ಒಲ್ಲೆ ಅಂದರೂ ಮೈಗೆ ಮರೆತಿರಲಿಲ್ಲ. ಹಗ್ಗ ಎಳೆದ.

ಒಂದೇ ಎಳೆತಕ್ಕೆ ಹತ್ತಿಕೊಂಡಿತು. ಡರ್ರ್ ಎಂಬ ಸದ್ದಿಗೆ ಬೇವಿನ ಮರದ ಗಿಣಿಗಳೆಲ್ಲ ಎದ್ದು ಹೋದವು.

ಮೌನೇಶ ಹಗ್ಗದ ಹಿಡಿಯನ್ನು ಕೈಯಲ್ಲೇ ಹಿಡಿದು ಹಾಗೇ ನಿಂತುಬಿಟ್ಟ. ಆಮೇಲೆ, ಯಾರೂ ಹೇಳದೆಯೇ, ಯಂತ್ರವನ್ನು ಆರಿಸಿದ. ಮತ್ತೆ ಎಳೆದ. ಮತ್ತೆ ಒಂದೇ ಎಳೆತ.

“ಇದು ನಮ್ದಲ್ಲರಿ” ಎಂದ.

“ಏನಂದಿ?”

“ಇದು ನಮ್ದಲ್ಲ ಮೇಡಂ. ನಮ್ದು ಕೆಮ್ಮತೈತಿ.”

ಹುಲುಗಪ್ಪ ಹೊಟ್ಟೆ ಕುಣಿಸಿ ನಕ್ಕ. “ಜನರೇಟರಿಗೆ ಕೆಮ್ಮೇನಲೇ? ದಮ್ಮೂ ಐತೇನು? ದವಾಖಾನಿಗೆ ತೋರಿಸಿದ್ರೋ ಇಲ್ಲೋ?”

“ದೇವರಾಣಿ... ಅಲ್ಲ, ಖರೇನ ಹೇಳತೀನ್ರಿ. ನಮ್ದು ಒಂದ ಏಟಿಗೆ ಯಾವತ್ತೂ ಹತ್ತಿದ್ದಿಲ್ಲ. ಖೊಕ್ ಅಂತಿತ್ತು, ನಿಲ್ಲತಿತ್ತು. ಮತ್ತ ಎಳದ್ರ ಖೊಕ್ ಖೊಕ್. ದುರುಗಪ್ಪ ಮಾವ ಚಾಪಿ ಮ್ಯಾಲ ಮಲಕೊಂಡ ನಗ್ತಿದ್ದ. ‘ಲೇ ಅಳಿಯಾ, ಅದು ನನ್ನ ಬೆನ್ನಿಗೆ ಹುಟ್ಟಿದ್ದಲೇ, ಮೊದಲು ಕೆಮ್ಮತೈತಿ, ಆಮ್ಯಾಲ ಭಾಷಣಾ ಮಾಡತೈತಿ’ ಅಂತಿದ್ದ.”

ಅಷ್ಟು ಹೇಳಿ ಮೌನೇಶ ತೋಳಿನಿಂದ ಮುಖ ಒರೆಸಿಕೊಂಡ. ಹುಲುಗಪ್ಪನ ನಗು ನಿಂತಿತು.

ದುರುಗಪ್ಪ ನಿನ್ನೆ ಬೆಳಗ್ಗೆ ಭೂಮಿ ಜಾಥಾದ ವ್ಯಾನಿನೊಳಗೆ ಸತ್ತು ಬಿದ್ದಿದ್ದ. ಗಾಜು ಏರಿಸಿದ ವ್ಯಾನು, ಮೈಮೇಲೆ ಕಂಬಳಿ, ಮುಖ ಕೆಂಪೇರಿ ನಿದ್ದೆಯಲ್ಲಿ ಏನೋ ನೆನೆಸಿಕೊಂಡು ನಾಚಿದವನ ಹಾಗೆ. ಹೊಗೆಯ ವಿಷ ರಕ್ತಕ್ಕೇರಿದೆ ಎಂದರು ಡಾಕ್ಟರು. ವ್ಯಾನಿನ ಹಿಂಭಾಗದ ತಗಡು ತುಕ್ಕು ತಿಂದು ತೂತಾಗಿತ್ತು. ಆ ತೂತಿಗೆ ಬಾಯಿ ಕೊಟ್ಟಂತೆ ಜನರೇಟರಿನ ಹೊಗೆ ಕೊಳವೆ, ಸುತ್ತ ಗೋಣಿಚೀಲ, ಅದರ ಎರಡು ವೈರುಗಳ ಕ್ಲಿಪ್ಪು ವ್ಯಾನಿನ ಬ್ಯಾಟರಿಗೆ.

ಬ್ಯಾಟರಿ ಚಾರ್ಜು ಮಾಡಲು ಇಟ್ಟ ಹುಡುಗನ ನಿರ್ಲಕ್ಷ್ಯ. ಸರ್ಕಲ್ ಸಾಹೇಬರು ಸ್ಥಳಕ್ಕೆ ಬಂದು, ಮೂಗಿಗೆ ಕರವಸ್ತ್ರ ಹಿಡಿದು, ಅಷ್ಟರಲ್ಲೇ ತೀರ್ಮಾನ ಕೊಟ್ಟಿದ್ದರು. ಇವತ್ತು ಊಟ ಮುಗಿಸಿ ತಮ್ಮ ಜೀಪಿನಲ್ಲೇ ಬಂದು ಮೌನೇಶನನ್ನು ಕೋರ್ಟಿಗೆ ಕರೆದುಕೊಂಡು ಹೋಗುತ್ತಾರೆ. ಜಾಥಾದ ಪರವಾನಗಿ ರದ್ದು. ಮಾವನನ್ನು ಕೊಂದ ಅಳಿಯ ಎಂಬ ಹೆಸರು ಹುಡುಗನಿಗೆ ಕಾಯಂ.

ಇದನ್ನು ತಡೆಯಲು ಸಬ್ ಇನ್ಸ್‌ಪೆಕ್ಟರ್ ಸುಜಾತಾಳ ಕೈಯಲ್ಲಿ ಇದ್ದದ್ದು ಒಂದು ಕೆಮ್ಮು ಮಾತ್ರ. ಅದೂ ಕೇಳದ ಕೆಮ್ಮು.

“ಸದ್ದು ನಿಂತ್ರ ನಿನಗ ಎಚ್ಚರಾಗತೈತಿ ಅಂತ ಹೇಳಿಕಿಯಾಗ ಬರಿಸಿದ್ಯಲ್ಲ, ಆ ಮಾತು ಇನ್ನೊಮ್ಮೆ ಹೇಳು” ಎಂದಳು.

“ಹೌದ್ರಿ. ಜಾಥಾ ಹೊಂಟಾಗಿಂದ ಅದರ ಸದ್ದಿನಾಗ ಮಲಗೀನಿ. ಎಣ್ಣಿ ಮುಗದು ನಿಂತ್ರ ಯಾರೋ ಎಬ್ಬಿಸಿದಂಗ ಎದ್ದ ಕೂಡತೀನಿ. ಟ್ಯಾಂಕಿನಾಗಿನ ಎಣ್ಣಿ ಬೆಳತನಕ ಬರಂಗಿಲ್ಲ. ಆದ್ರ ಮೊನ್ನಿ ರಾತ್ರಿ ನಾ ಏಳಲೇ ಇಲ್ಲ. ಕೋಳಿ ಕೂಗಿದ ಮ್ಯಾಲೂ ಅದು ಡರ್ರ್ ಅಂತ ನಡದ ಇತ್ತು.”

“ನೀನ ಎದ್ದು ಎಣ್ಣಿ ಹಾಕಿ ಮಲಗಿರಬೇಕು ಅಂತಾರ ಸಾಹೇಬ್ರು.”

“ಹಾಕಿದ್ರ ಹಾಕೀನಿ ಅಂತಿದ್ದೆರಿ. ಮಾವ ಹೋದ ಮ್ಯಾಲ ಸುಳ್ಳು ಹೇಳಿ ನಾ ಏನ ಗಳಸೂದೈತಿ?”

ಹುಲುಗಪ್ಪ ಬೇಡಿ ಹಾಕಿದ. ಈ ಸಲ ಸ್ವಲ್ಪ ಸಡಿಲವಾಗಿ.

* * *

ಹುಣಸೆ ತೋಪು ಠಾಣೆಯಿಂದ ಕೂಗಳತೆ. ಸುಜಾತಾ ನಡೆದೇ ಹೋದಳು.

ಎಡಕ್ಕೆ ತೊರೆಗಲ್ಲಿನ ಮೇಲಿನ ಕೇರಿ. ಅಲ್ಲಿಯ ಕೊನೆಯ ಲೈಟುಕಂಬದಿಂದ ತೋಪಿಗೆ ಒಂದು ವೈರು ಎಳೆಯುವುದು ದೊಡ್ಡ ಮಾತಲ್ಲ. ಕಂಬ ಸರ್ಕಾರದ್ದು, ತಂತಿ ಸರ್ಕಾರದ್ದು, ಅದರೊಳಗೆ ಹರಿಯುವ ಕರೆಂಟು ಹೊಳೆನೀರಿನದ್ದು. ಆದರೂ ಊರಿನ ಹಿರಿಯರು ಆಗದು ಅಂದಿದ್ದರು. ಗೇಣು ನೆಲ ಇಲ್ಲದವರು ಮೈಕು ಹಿಡಿದು ನೆಲ ಕೇಳುವುದಕ್ಕೆ ನಮ್ಮ ಊರಿನ ಕರೆಂಟು ಯಾಕೆ? ಹರಪನಹಳ್ಳಿ ಬಿಟ್ಟ ದಿನದಿಂದ ಹಲವಾಗಲು, ಮೈಲಾರ, ಹಡಗಲಿ, ಹಂಪಸಾಗರ ಎಂದು ಜಾಥಾ ನಡೆದು ಬಂದ ದಾರಿಯುದ್ದಕ್ಕೂ ಇದೇ ಮಾತನ್ನು ಬೇರೆ ಬೇರೆ ಬಾಯಿಗಳು ಹೇಳಿದ್ದವು. ಅದಕ್ಕೇ ಜಾಥಾದವರು ಕೂಲಿ ದುಡ್ಡು ಕೂಡಿಸಿ ಕೆಂಪು ಜನರೇಟರು ತಂದದ್ದು. ಪೆಟ್ರೋಲಿನಲ್ಲಿ ಶುರು ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಸಣ್ಣ ಯಂತ್ರ; ಹಗಲು ವ್ಯಾನಿನಲ್ಲಿ ಅದರ ಸವಾರಿ, ಬಿಡಾರ ಹೂಡಿದ ಕಡೆ ಇಳಿಸಿ ಬ್ಯಾಟರಿಗಳಿಗೆ ಊಟ. ವ್ಯಾನಿನದೊಂದು ಬ್ಯಾಟರಿ, ಮೈಕಿನದೊಂದು. ಆ ಎರಡು ಬ್ಯಾಟರಿ ತುಂಬಿದರೆ ಮರುದಿನ ಜಾಥಾಕ್ಕೆ ಕಾಲು ಬರುತ್ತಿತ್ತು, ಬಾಯಿ ಬರುತ್ತಿತ್ತು.

ಆ ಬಾಯಿ ದುರುಗಪ್ಪನದು. ಹಂಪಸಾಗರದ ಸಭೆಯಲ್ಲಿ ಅವನು ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹೇಳಿದ್ದನ್ನು ಬಂದೋಬಸ್ತಿಗೆ ಹೋಗಿದ್ದ ಸುಜಾತಾ ಸ್ವತಃ ಕೇಳಿದ್ದಳು. “ನಮ್ಮ ಗೋಮಾಳಕ್ಕ ತಂತಿ ಬಿಗಿದಾವ ಯಾರು? ಹೆಸರು ಯಾರ ಮ್ಯಾಲೈತಿ, ಹಿಂದ ನಿಂತ ಖಾಕಿ ಯಾವುದು? ಹಗರಿಬೊಮ್ಮನಹಳ್ಳಿ ಸಂತಿಯೊಳಗ ಹೇಳತೀನಿ. ಮೈಕಿನಾಗ ಹೇಳತೀನಿ.”

ಹಗರಿಬೊಮ್ಮನಹಳ್ಳಿ ಇನ್ನೂ ಮುಂದಿತ್ತು. ದುರುಗಪ್ಪ ಮುಗಿದುಹೋಗಿದ್ದ.

ತೋಪಿನಲ್ಲಿ ಜಾಥಾದವರು ಗುಂಪು ಗುಂಪಾಗಿ ಕೂತಿದ್ದರು. ಸುಜಾತಾ ಮೌನೇಶ ಹೇಳಿದ್ದ ಮರದ ಬುಡಕ್ಕೆ ಹೋದಳು. ಬ್ಯಾಟರಿಗಳನ್ನು ವ್ಯಾನಿನಿಂದ ಬಿಚ್ಚಿ ಇಲ್ಲಿಗೆ ತರುತ್ತಿದ್ದನಂತೆ ಅವನು; ಮಾವನ ಎದೆಗೆ ಹೊಗೆ ಆಗದು. ಜನರೇಟರನ್ನು ಬೇರಿಗೆ ಸರಪಳಿಯಿಂದ ಬಿಗಿಯುತ್ತಿದ್ದನಂತೆ. ಸರಪಳಿ ಇರಲಿಲ್ಲ. ನೆಲವನ್ನು ಯಾರೋ ಹುಣಸೆ ಕೊಂಬೆಯಿಂದ ಗುಡಿಸಿದ್ದರು. ಆದರೆ ಗುಡಿಸಿದವನಿಗೆ ಹುಲ್ಲನ್ನು ಗುಡಿಸಲು ಆಗಿರಲಿಲ್ಲ. ಬೇರಿನಿಂದಾಚೆ ಹಸಿರು ಹುಲ್ಲು ಬೀಸಣಿಗೆಯ ಆಕಾರದಲ್ಲಿ ಸುಟ್ಟು ಬಾಡಿತ್ತು. ಬಿಸಿ ಹೊಗೆ ಬಹಳ ಹೊತ್ತು ಇಲ್ಲಿ ಉಸಿರು ಬಿಟ್ಟಿತ್ತು.

“ಅದು ಇಲ್ಲೇ ಓಡುತ್ತಿತ್ತು, ನಿಜ” ಎಂದು ಹಿಂದಿನಿಂದ ಒಂದು ದನಿ. “ಆದರೆ ರಾತ್ರಿ ಎತ್ತಿ ವ್ಯಾನಿನ ಹತ್ತಿರ ಇಟ್ಟಿರಬಹುದಲ್ಲ? ಸಾಹೇಬರು ಅದನ್ನೇ ಕೇಳಿದರು.”

ಭರತ್. ಕೊಟ್ಟೂರಿನ ಕಾಲೇಜಿನಲ್ಲಿ ಪಾಠ ಹೇಳುವವನು; ಜಾಥಾ ಕಟ್ಟಿದವನು. ಎರಡು ದಿನದಲ್ಲಿ ಅವನ ಗಡ್ಡಕ್ಕೆ ಬೂದಿ ಮೆತ್ತಿದಂತಾಗಿತ್ತು.

“ಠಾಣೆಯಾಗಿನ ಜನರೇಟರು ನಿಮ್ದ ಅಂತ ಪಂಚನಾಮೆಗೆ ಸಹಿ ಮಾಡೀರಿ.”

“ಮಾಡಿದೆ. ಅದೇ ಬಣ್ಣ, ಅದೇ ಮಾದರಿ, ಅದೇ ಕ್ಲಿಪ್ಪು. ನಮ್ಮದಲ್ಲದೆ ಇನ್ಯಾರದು?”

“ನಿಮ್ದಕ್ಕ ಏನಾರ ಗುರುತು? ಗೀರು, ಬರಹ, ಕುಂಕುಮ?”

“ಕುಂಕುಮ!” ಆ ಸಂಕಟದಲ್ಲೂ ಭರತನ ಬೆನ್ನು ನೆಟ್ಟಗಾಯಿತು. “ಮೇಡಂ, ನಮ್ಮಲ್ಲಿ ಗಾಡಿಗೆ ನಿಂಬೆಹಣ್ಣಿಲ್ಲ, ಯಂತ್ರಕ್ಕೆ ಪೂಜೆ ಇಲ್ಲ. ಮೈಲಾರದಲ್ಲಿ ಗುಡಿಯ ಎದುರಿಗೇ ನಿಂತು ಅದನ್ನೇ ಮಾತಾಡಿದೆ ನಾನು. ನೂರು ಜನ ಕೂತು ಕೇಳಿದರು. ಬೇಕಾದರೆ ಯಾರನ್ನಾದರೂ ಕೇಳಿ.”

ಸುಜಾತಾ ಯಾರನ್ನೂ ಕೇಳಲಿಲ್ಲ. ಅಷ್ಟು ಹೊತ್ತು ಒಲೆಗಲ್ಲುಗಳ ಆಚೆ ಪಾತ್ರೆಗೆ ಬೂದಿ ಹಚ್ಚಿ ತಿಕ್ಕುವ ಸರಬರ ಸದ್ದು ಬಿಡದೆ ಬರುತ್ತಿತ್ತು. ಕುಂಕುಮ ಎಂಬ ಮಾತಿಗೆ ಅದು ನಿಂತಿತ್ತು.

ತಿಕ್ಕುತ್ತಿದ್ದವಳು ಕರಿಯಕ್ಕ. ಸತ್ತವನ ಅಕ್ಕ, ಲಾಕಪ್ಪಿನಲ್ಲಿದ್ದವನ ತಾಯಿ. ತಮ್ಮನನ್ನು ಮಣ್ಣು ಮಾಡಿ ಬಂದು ಜಾಥಾದ ಗಂಜಿ ಬೇಯಿಸಿದ್ದಳು. ನೂರು ಹೊಟ್ಟೆ ನನ್ನ ದುಃಖ ಕಾಯುತ್ತ ಕೂಡುವುದಿಲ್ಲ ಅಂದಿದ್ದಳಂತೆ. ಈಗ ಅವಳ ಕೈ ಪಾತ್ರೆಯೊಳಗೆ ನಿಂತುಹೋಗಿತ್ತು. ಕಣ್ಣು ನೆಲಕ್ಕಿತ್ತು.

ಸುಜಾತಾಳಿಗೆ ಕೂಡ್ಲಿಗಿಯ ತನ್ನ ಮನೆ ನೆನಪಾಯಿತು. ಅಪ್ಪ ಬುದ್ಧನ ದೀಕ್ಷೆ ತೆಗೆದುಕೊಂಡ ದಿನ ಜಗುಲಿಯ ಮೇಲಿನ ದೇವರೆಲ್ಲ ಬಾವಿಗೆ ಹೋಗಿದ್ದವು. ಅವ್ವ ತುಟಿ ಬಿಚ್ಚಿರಲಿಲ್ಲ. ವರ್ಷಗಳಾದ ಮೇಲೆ ಅಕ್ಕಿ ಡಬ್ಬಿಯ ತಳದಲ್ಲಿ ಸುಜಾತಾಳ ಬೆರಳಿಗೆ ಒಂದು ಬಟ್ಟೆಗಂಟು ಸಿಕ್ಕಿತ್ತು. ಒಳಗೆ ಅರಿಶಿನದ ಪುಡಿ, ಮೈಲಾರದ ಭಂಡಾರ. ಅವ್ವ ಅವತ್ತು ಹೀಗೇ ಕಣ್ಣು ನೆಲಕ್ಕೆ ಹಾಕಿದ್ದಳು.

“ಕರಿಯಕ್ಕ, ಹೊಳಿ ಕಡೆ ಬಾ. ಮಾತಾಡೂದೈತಿ” ಎಂದಳು.

* * *

ನೀರಿನ ಅಂಚಿನಲ್ಲಿ ಇಬ್ಬರೇ ಕೂತರು. ತುಂಗಭದ್ರೆ ಗಾಳಿಯಿಲ್ಲದೆ ಸತ್ತ ಹಾವಿನ ಹಾಗೆ ಮಲಗಿತ್ತು. ದಂಡೆಯ ತಿರುವಿನಲ್ಲಿದ್ದ ಪ್ರವಾಸಿ ಮಂದಿರದ ಬಿಳಿ ಗೋಡೆ ಬಿಸಿಲಿಗೆ ಕಣ್ಣು ಚುಚ್ಚುತ್ತಿತ್ತು. ಜಾಥಾದ ಬಂದೋಬಸ್ತಿಗೆಂದು ಸರ್ಕಲ್ ಸಾಹೇಬರು ಅಲ್ಲೇ ಕ್ಯಾಂಪು ಹಾಕಿದ್ದರು.

“ಏನ ಕಟ್ಟಿದ್ದಿ ಅದಕ್ಕ?”

“ಯಾತಕ್ರಿ?”

“ಜನರೇಟರಿಗೆ.”

“ನಾ ಯಾಕ ಕಟ್ಟಲಿ ಮೇಡಮ್ಮ? ನಮ್ಮ ಸರ್ ಹೇಳ್ಯಾರ, ಅವೆಲ್ಲ ಮೂಢ...” ಮಾತು ಅರ್ಧಕ್ಕೆ ಮುರಿಯಿತು.

“ಕರಿಯಕ್ಕ, ಸಾಹೇಬ್ರು ಊಟ ಮುಗಿಸಿ ಬರತಾರ. ನಿನ್ನ ಮಗನ್ನ ಜೀಪಿಗೆ ಹಾಕತಾರ. ಆಮ್ಯಾಲ ನಾ ಏನೂ ಮಾಡಾಕ ಬರಂಗಿಲ್ಲ. ಈಗ ಹೇಳು.”

“ಹೇಳಿದ್ರ ಬಿಡತೀರೇನು ಅವನ್ನ?”

“ಗೊತ್ತಿಲ್ಲ. ಹೇಳಲಿಲ್ಲಂದ್ರ ಬಿಡಂಗಿಲ್ಲ, ಅಷ್ಟು ಗೊತ್ತು.”

ಕರಿಯಕ್ಕ ಸೆರಗು ಬಾಯಿಗೆ ತುರುಕಿಕೊಂಡಳು. ಅಳು ಬರಲಿಲ್ಲ. ಸಿಟ್ಟು ಬಂತು.

“ನಾನ ಕೊಂದದ್ದು ಅವನ್ನ! ಸಾಕೇನು? ನನ್ನ ಜೀಪಿಗೆ ಹಾಕ್ರಿ. ಮೈಲಾರದಾಗ ಸರ್ ಭಾಷಣಾ ಮಾಡತಿದ್ರು. ನಾ ನೀರಿಗೆ ಹೋಗತೀನಿ ಅಂತ ಹೇಳಿ ಗುಡಿಗೆ ಹೋದೆ. ಗೊರವಯ್ಯ ಭಂಡಾರ ಕೊಟ್ಟ, ಒಂದು ಕವಡಿ ಕೊಟ್ಟ. ‘ಯಾರಿಗೆ ಯವ್ವಾ?’ ಅಂದ. ಜನರೇಟರಿಗೆ ಅಂತ ಹ್ಯಾಂಗ ಹೇಳಲ್ರಿ? ಮಗನಿಗೆ ಅಂದೆ.”

ಸುಜಾತಾಳಿಗೆ ನಗು ಬರಬೇಕಿತ್ತು. ಬರಲಿಲ್ಲ.

“ಯಾಕ ಕಟ್ಟಿದಿ?”

“ಅಂಜಿಕಿರಿ! ಎಲ್ಲಿ ಹೋದ್ರೂ ಮಂದಿ ಅದನ್ನ ಕೆಕ್ಕರಿಸಿ ನೋಡತಿದ್ರು. ‘ಇವರಿಗೂ ಮಿಷಿನ್ ಬಂತು ನೋಡು’ ಅಂತ. ಕಣ್ಣು ಬೀಳತೈತಿ. ಅದು ಕೆಟ್ರ ನನ್ನ ತಮ್ಮನ ದನಿ ಯಾರಿಗೆ ಕೇಳತೈತಿ? ಕವಡಿ, ಭಂಡಾರ ಚಿಂದಿಯಾಗ ಕಟ್ಟಿ, ಕೆಳಗಿನ ಸರಳಿಗೆ, ಒಳಗಡೆ, ಕರೇ ದಾರದಾಗ ಬಿಗದೆ. ಮೌನೇಶಗೂ ಕಾಣಬಾರದು ಅಂತ ಮ್ಯಾಲ ಗ್ರೀಸು ಬಳದೆ. ಅವಗ ಕಂಡ್ರ ಸರ್ ಮುಂದ ನನ್ನ ಮಾನಾ ತಗೀತಾನ. ದಿನಾ ಒರಸಾಕ ಕುಂತಾಗ ಮುಟ್ಟಿ ಕಣ್ಣಿಗೆ ಒತ್ಕೊತಿದ್ದೆ.” ಉಸಿರೆಳೆದುಕೊಂಡಳು. “ಮೊನ್ನಿ ಸಂಜಿ ಒತ್ಕೊಳಲಿಲ್ಲ. ಸರ್ ಎದುರಿಗೆ ಕುಂತಿದ್ರು. ಅದಕ್ಕ ಮೈಲಾರಲಿಂಗ ಮುನಿದ. ನನ್ನ ತಮ್ಮನ್ನ ತಗೊಂಡ.”

“ಮೈಲಾರಲಿಂಗಗ ಗೋಣಿಚೀಲ ತುರುಕಾಕ ಬರಂಗಿಲ್ಲ ಕರಿಯಕ್ಕ. ಅದಕ್ಕ ಮನಷ್ಯಾ ಬೇಕು.”

ಮುದುಕಿ ತಲೆಯೆತ್ತಿ ನೋಡಿದಳು. ಎರಡು ದಿನದಲ್ಲಿ ಮೊದಲ ಸಲ ಅವಳ ಕಣ್ಣು ಯಾರ ಮೇಲೋ ನಿಂತಿತು.

“ಗಂಟು ತಾನಾಗೇ ಬಿಚ್ಚತೈತೇನು?”

“ನಾ ಕಟ್ಟಿದ್ದನ್ನ ನಾನ ಬಿಚ್ಚಬೇಕು.” ಹುಬ್ಬು ಗಂಟಿಕ್ಕಿತು. “ಯಾಕ್ರಿ? ಠಾಣೆದಾಗಿನ ಮಿಷಿನ್‌ಗೆ ಅದು ಇಲ್ಲೇನು?”

* * *

ಇರಲಿಲ್ಲ.

ಕರಿಯಕ್ಕ ಅಂಗಳದ ಹಾಸುಗಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಯಂತ್ರದ ಅಡಿಗೆ ಕೈ ಹಾಕಿ, ಸರಳಿನುದ್ದಕ್ಕೂ ತಡಕಿದಳು. ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ. ಕೈ ಹೊರಗೆ ತಂದು ಮೂಸಿದಳು. ದಾರವಿಲ್ಲ, ಗ್ರೀಸಿಲ್ಲ, ಉಗುರಿನ ಸಂದಿಗೆ ಅರಿಶಿನದ ಒಂದು ಕಣವೂ ಇಲ್ಲ.

“ಬಿದ್ದಿರಬೇಕಳವ್ವ” ಎಂದ ಹುಲುಗಪ್ಪ. ಆದರೆ ಹೇಳುವಾಗ ಅವನ ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ. ಅವನೂ ಬಗ್ಗಿ ನೋಡಿದ. ಅಂಗಡಿಯಿಂದ ಬಂದ ಹೊಳಪು ಆ ಸರಳಿನ ಮೇಲೆ ಹಾಗೇ ಇತ್ತು.

ಸುಜಾತಾಳ ತಲೆಯೊಳಗೆ ಆ ರಾತ್ರಿ ತಾನಾಗಿ ಬಿಚ್ಚಿಕೊಂಡಿತು.

ಎರಡು ಜನರೇಟರು. ಒಂದೇ ಬಣ್ಣ, ಒಂದೇ ಸದ್ದು. ಜಾಥಾದ್ದು ಮರದ ಬುಡದಲ್ಲಿ ಸರಪಳಿಯಲ್ಲಿ ಓಡುತ್ತಿದೆ. ಅದನ್ನು ಎತ್ತಬೇಕೆಂದರೆ ಆರಿಸಬೇಕು. ಆರಿಸಿದರೆ ಮೌನೇಶ ಏಳುತ್ತಾನೆ. ಹಾಗಾಗಿ ಬಂದವನು ಇನ್ನೊಂದನ್ನು ತಂದ. ತುಂಬಿದ ಟ್ಯಾಂಕಿನದು, ಕೆಮ್ಮದ್ದು, ಒಂದೇ ಎಳೆತಕ್ಕೆ ಹತ್ತುವಂಥದ್ದು. ಅದನ್ನು ವ್ಯಾನಿನ ತೂತಿಗೆ ಕೊಟ್ಟು ಹಚ್ಚಿದ. ಎರಡು ಸದ್ದು ಒಂದರೊಳಗೊಂದು ಕರಗಿದವು. ಆಮೇಲೆ ಮರದ ಬುಡದ್ದನ್ನು ಆರಿಸಿದ, ಸರಪಳಿ ಕತ್ತರಿಸಿದ, ಬ್ಯಾಟರಿಗಳನ್ನು ಮತ್ತೆ ವ್ಯಾನಿಗೆ ಸೇರಿಸಿದ, ನೆಲ ಗುಡಿಸಿದ. ಎರಡು ಯಂತ್ರ ಕಂಡರೆ ಕೊಲೆ, ಒಂದೇ ಕಂಡರೆ ಆಕಸ್ಮಿಕ. ಜಾಥಾದ ಯಂತ್ರವನ್ನು ಹೊತ್ತುಕೊಂಡು ಹೋದ. ನಡುವೆ ಒಂದು ಗಳಿಗೆಯೂ ಸದ್ದು ನಿಲ್ಲಲಿಲ್ಲ. ನೂರು ಜನ ಆ ಸದ್ದಿನ ಮಗ್ಗುಲಲ್ಲೇ ಮಲಗಿದ್ದರು.

“ಕರಿಯಕ್ಕ, ನಿನ್ನ ಕವಡಿ ಇರೋ ಮಿಷಿನ್ ಎಲ್ಲೋ ಐತಿ” ಎಂದಳು. “ಅದು ಸಿಕ್ರ ನಿನ್ನ ಮಗ ಹೊರಗ ಬರತಾನ.”

“ಹೊಳಿಗೆ ಹಾಕಿದ್ರ?”

ಸುಜಾತಾ ಹೊಳೆಯ ಕಡೆ ಒಮ್ಮೆ ನೋಡಿದಳು. “ನೀ ಇಲ್ಲೇ ಗ್ವಾಡಿ ನೆಳ್ಳಿಗೆ ಕುಂದರು. ಕವಡಿ ಮಾತು ಯಾರ ಮುಂದೂ ಆಡಬ್ಯಾಡ. ಭರತ್ ಸರ್ ಮುಂದೂ ಬ್ಯಾಡ.”

“ಅವರ ಮುಂದಂತೂ ಆಡಂಗಿಲ್ಲ ತಗೀರಿ” ಎಂದಳು ಕರಿಯಕ್ಕ. ಆ ಮುಖದಲ್ಲಿ ನಗುವಿನಂಥದ್ದು ಏನೋ ಹಾದುಹೋಯಿತು.

ಆಗ ಗೇಟಿನ ಹೊರಗೆ “ನೂಕ್ರಲೇ, ನೂಕ್ರಿ” ಎಂಬ ಕೂಗು ಕೇಳಿತು.

ಸರ್ಕಲ್ ಸಾಹೇಬರ ಜೀಪು ಇಬ್ಬರು ಪೇದೆಗಳ ಭುಜದ ಬಲದಿಂದ ಅಂಗಳಕ್ಕೆ ಬಂದು, ಬೇವಿನ ನೆರಳಿಗೆ ತಲುಪಿ, ಒಮ್ಮೆ ಮುಲುಗಿ ನಿಂತಿತು. ಸಾಹೇಬರು ಇಳಿದರು. ಊಟದ ಸುಖ ಇನ್ನೂ ಮುಖದ ಮೇಲಿತ್ತು.

“ಏನ್ ಸುಜಾತಾ ಅವ್ರ, ಹುಡುಗ ತಯಾರೇನು?”

“ಸರ್, ಕೋರ್ಟಿಗೆ ಒಯ್ಯೂಕಿಂತ ಮೊದಲು ಒಂದ ವಿಚಾರ...”

“ವಿಚಾರ ದಾರ್ಯಾಗ ಹೇಳ್ರಿ.” ಸಾಹೇಬರ ದನಿ ಯಾವಾಗಲೂ ಮೆತ್ತಗೆ. ಮೇಲುದನಿಯಲ್ಲಿ ಬೈದದ್ದನ್ನು ಯಾರೂ ಕೇಳಿರಲಿಲ್ಲ. ಬೈಸಿಕೊಂಡವರು ಆಮೇಲೆ ಯಾವ ಊರಿಗೆ ವರ್ಗವಾದರೆಂಬುದಷ್ಟೇ ಗೊತ್ತಾಗುತ್ತಿತ್ತು. “ನಿಮ್ಮ ವರ್ಗಾವಣೆ ಕಾಗದನೂ ಮ್ಯಾಲ ಹೋಗೈತಂತ. ಕೂಡ್ಲಿಗಿ ಕಡೆ ಕೇಳಿದ್ರೆಲ್ಲ? ಮಾಡೋಣು, ಮಾಡೋಣು.”

“ಬ್ಯಾಟರಿ ಕುಂತೈತ್ರಿ ಸಾಹೇಬ್ರ” ಎಂದ ಡ್ರೈವರ್ ಗಂಗಪ್ಪ, ಬಾನೆಟ್ ಎತ್ತುತ್ತ. “ಒಂದೀಟು ಟೈಮ್ ಕೊಡ್ರಿ, ಚಾರ್ಜು ಹಾಕತೀನಿ. ದಾರ್ಯಾಗ ನಿಂತ್ರ ಮತ್ತ ನೂಕೂದು.”

ಸಾಹೇಬರು ತಿರುಗಿ ನೋಡದೆ ಮೆಟ್ಟಿಲು ಹತ್ತಿ ಪಡಸಾಲೆಯ ಕುರ್ಚಿಯಲ್ಲಿ ಕೂತರು. ಸುಜಾತಾ ಹಿಂದೆಯೇ ಹತ್ತಿ ಪಕ್ಕದಲ್ಲಿ ನಿಂತಳು. ಹುಲುಗಪ್ಪ ಚಹಾ ತಂದ.

ಗಂಗಪ್ಪ ಜೀಪಿನ ಹಿಂದಿನ ತಾಡಪಾಲು ಸರಿಸಿದ. ಎರಡೂ ಕೈಯಿಂದ ಏನನ್ನೋ ಎದೆಗವಚಿ ಇಳಿಸಿದ. ಕೆಂಪು ಜನರೇಟರು.

ಇರಲಿ, ಎಂದುಕೊಂಡಳು ಸುಜಾತಾ. ಕೆಂಪು ಜನರೇಟರುಗಳು ಊರಿಗೊಂದಿವೆ. ಆದರೂ ಅವಳ ಕಣ್ಣು ಅದರ ಅಡಿಯ ಸರಳಿಗೆ ಹೋಯಿತು.

ಗಂಗಪ್ಪ ಕ್ಲಿಪ್ಪು ಸಿಕ್ಕಿಸಿದ. ಕಾಲಿಟ್ಟ. ಎಳೆದ.

ಖೊಕ್.

ನಿಂತಿತು.

“ಇದರವ್ವನ...” ಮತ್ತೆ ಎಳೆದ.

ಖೊಕ್, ಖೊಕ್.

ಲಾಕಪ್ಪಿನೊಳಗೆ ಬೇ‌ಡಿಯ ಸದ್ದಾಯಿತು. ಮೌನೇಶ ಎದ್ದು ನಿಂತಿದ್ದ. ಅವನ ಬೆರಳುಗಳು ಒಂದೊಂದಾಗಿ ಕಂಬಿಗಳ ಮೇಲೆ ಬಂದವು. ಹುಲುಗಪ್ಪನ ಕೈಯಲ್ಲಿದ್ದ ಚಹಾದ ತಟ್ಟೆ ಸಾಹೇಬರ ಮುಂದೆ ಅರ್ಧದಲ್ಲೇ ನಿಂತಿತು. ಇನ್ನೊಂದು ಎಳೆತ. ಅಂಗಳದ ನಡುವೆ, ಹಾಡುಹಗಲಿನಲ್ಲಿ, ಮಣ್ಣಾದ ದುರುಗಪ್ಪ ಗಂಟಲು ಸರಿಮಾಡಿಕೊಂಡ ಹಾಗೆ ಕೇಳಿತು. ಆಮೇಲೆ ಯಂತ್ರ ಹತ್ತಿಕೊಂಡು ಡರ್ರ್ ಎಂದು ಭಾಷಣ ಶುರು ಮಾಡಿತು.

ಗೋಡೆಯ ನೆರಳಿನಿಂದ ಕರಿಯಕ್ಕ ಎದ್ದಳು.

ಬೇಡ ಎನ್ನಬೇಕೆಂದುಕೊಂಡಳು ಸುಜಾತಾ. ಅಷ್ಟರಲ್ಲಿ ಮುದುಕಿ ಯಾರನ್ನೂ ನೋಡದೆ ನೆಟ್ಟಗೆ ನಡೆದು, ಜ್ವರ ಬಂದ ಮಗುವಿನ ಹತ್ತಿರ ಕೂರುವಂತೆ ಆ ಯಂತ್ರದ ಮಗ್ಗುಲಲ್ಲಿ ಕೂತು, ಅಡಿಗೆ ಕೈ ಹಾಕಿದಳು.

“ಏ ಯವ್ವಾ, ಸುಡತೈತಿ, ಸರಿ ಅತ್ತಾಗ!” ಎಂದ ಗಂಗಪ್ಪ.

ಕೈ ಹೊರಗೆ ಬಂತು. ಮುಷ್ಟಿ ಬಿಗಿದಿತ್ತು. ಕಪ್ಪು ಗ್ರೀಸು ಮೆತ್ತಿದ ಬೆರಳುಗಳ ಸಂದಿನಲ್ಲಿ ಭಂಡಾರದ ಹಳದಿ. ಕರಿಯಕ್ಕ ಪಡಸಾಲೆಯತ್ತ ನೋಡಿ, ಸುಜಾತಾಳಿಗೆ ಮಾತ್ರ ತಿಳಿಯುವಂತೆ, ತಲೆಯಾಡಿಸಿದಳು.

ಸುಜಾತಾಳಿಗೆ ಮಾತ್ರ ತಿಳಿಯಿತೆಂದು ಮುದುಕಿ ತಿಳಿದಿದ್ದಳು.

ಸಾಹೇಬರು ಕುರ್ಚಿಯಿಂದ ಎದ್ದಿದ್ದರು. ಅವರು ಕರಿಯಕ್ಕನನ್ನು ನೋಡುತ್ತಿರಲಿಲ್ಲ. ಗಂಗಪ್ಪನನ್ನು ನೋಡುತ್ತಿದ್ದರು. ಚಹಾ ಮುಟ್ಟದೆ ಮೆಟ್ಟಿಲ ತುದಿಗೆ ಬಂದರು.

“ಗಂಗಪ್ಪ, ಇದು ಇನ್ನೂ ಐತೇನು?”

ಡ್ರೈವರ್ ಹಲ್ಲು ಕಿರಿದ. ತಲೆ ಕೆರೆದುಕೊಂಡ. “ಚಲೋ ಮಾಲು ಐತ್ರಿ ಸಾಹೇಬ್ರ. ನೀರಿಗೆ ಹಾಕಾಕ ಮನಸ ಬರಲಿಲ್ಲ.”

ಹೇಳಿದ ಮೇಲೆ, ತಾನು ಹೇಳಿದ್ದು ಏನೆಂದು ಗಂಗಪ್ಪನಿಗೆ ನಿಧಾನವಾಗಿ ಹೊಳೆಯಿತು. ಹಲ್ಲು ಒಳಗೆ ಹೋದವು.

ಸಾಹೇಬರು ತಿರುಗಿ ಸುಜಾತಾಳನ್ನು ನೋಡಿದರು. ಅವಳು ಕೇಳಿಸಿಕೊಂಡಳೋ ಇಲ್ಲವೋ ಎಂದು ಅಳೆಯುವ ನೋಟ. ಅಳತೆ ಮುಗಿಯಿತು. ಮುಖದಲ್ಲಿ ನಗು ಬಂತು, ಊಟದ ಸುಖದ ಅದೇ ನಗು.

“ಆ ಯವ್ವನ್ನೂ ಜೀಪಿನಾಗ ಕುಂದ್ರಸ್ರಿ. ಮಗ ಒಬ್ಬನ ಹೋಗೂದು ಯಾಕ? ನೀವೂ ಬರ್ರಿ ಸುಜಾತಾ ಅವ್ರ. ಹೊಳಿದಂಡಿ ದಾರಿ ಹಿಡಿಯೋಣು, ತಂಪಿರತೈತಿ. ಬ್ಯಾಟರಿ ತುಂಬಲಿ, ಅಷ್ಟ.”

ಜನರೇಟರು ಓಡುತ್ತಿತ್ತು. ಜೀಪಿನ ಬ್ಯಾಟರಿ ತುಂಬುತ್ತಿತ್ತು. ದುರುಗಪ್ಪನ ಮಾತಿಗೆ ಬಲ ತುಂಬುತ್ತಿದ್ದ ಯಂತ್ರ ಈಗ ಅವನ ಅಕ್ಕನನ್ನೂ ಅಳಿಯನನ್ನೂ ಹೊಳೆದಂಡೆಗೆ ಒಯ್ಯುವ ಜೀಪಿಗೆ ಬಲ ತುಂಬುತ್ತಿತ್ತು.

ಸುಜಾತಾ ಮೆಟ್ಟಿಲಿಳಿದಳು. ಅಪ್ಪ ಕೂಲಿ ಮಾಡಿ ಓದಿಸಿದ್ದು, ಅವ್ವ ಖಾಕಿಗೆ ಇಸ್ತ್ರಿ ಹಾಕಿ ಕೊಟ್ಟದ್ದು, ಕೂಡ್ಲಿಗಿಯ ವರ್ಗಾವಣೆ ಎಲ್ಲ ಬೆನ್ನ ಹಿಂದೆ ಪಡಸಾಲೆಯಲ್ಲೇ ಉಳಿದವು. ಅವಳು ಬಗ್ಗಿ ಜೀಪಿನ ಬ್ಯಾಟರಿಯಿಂದ ಕೆಂಪು ಕ್ಲಿಪ್ಪನ್ನು ಕಿತ್ತಳು. ಆಮೇಲೆ ಯಂತ್ರದ ಗುಂಡಿ ಒತ್ತಿದಳು.

ಸದ್ದು ನಿಂತಿತು.

“ಮೇಡಂ!” ಎಂದು ಲಾಕಪ್ಪಿನೊಳಗಿನಿಂದ ಮೌನೇಶ ಕೂಗಿದ. “ಅದು ನಮ್ದರೀ! ಅದು ನಮ್ದು!”

“ಈ ಜನರೇಟರು ಎಲ್ಲಿಗೂ ಹೋಗಂಗಿಲ್ಲ ಸರ್” ಎಂದಳು ಸುಜಾತಾ. “ಈ ಜೀಪೂ ಹೋಗಂಗಿಲ್ಲ. ಊರಿನ ಪಂಚರನ್ನ ಕರಸತೀನಿ.”

ಸಾಹೇಬರು ಸಿಟ್ಟಾಗಲಿಲ್ಲ. ಕರವಸ್ತ್ರ ತೆಗೆದು ತುಟಿ ಒರೆಸಿಕೊಂಡರು. ಕರಿಯಕ್ಕನ ಬಿಗಿದ ಮುಷ್ಟಿಯ ಮೇಲೆ ಒಮ್ಮೆ ಅವರ ಕಣ್ಣು ನಿಂತಿತು. ಆಮೇಲೆ ಎಂದಿನ ಮೆತ್ತನೆಯ ದನಿಯಲ್ಲಿ ಹೇಳಿದರು:

“ಹುಲುಗಪ್ಪ, ಗೇಟು ಹಾಕು.”

ಹುಲುಗಪ್ಪ ಚಹಾದ ತಟ್ಟೆಯನ್ನು ಕಟ್ಟೆಯ ಮೇಲಿಟ್ಟ. ಸೊಂಟದಿಂದ ಕೀಲಿಗೊಂಚಲು ತೆಗೆದ. ಒಮ್ಮೆ ಸಾಹೇಬರನ್ನು ನೋಡಿದ, ಒಮ್ಮೆ ಸುಜಾತಾಳನ್ನು ನೋಡಿದ, ಕರಿಯಕ್ಕನನ್ನು ಮಾತ್ರ ನೋಡಲಿಲ್ಲ.

ಗೇಟಿನ ಕಡೆ ನಡೆದ.